ಬಾಯಿವರೆಗೆ ತುಂಬಿದ ಎಣ್ಣೆ

ಕೊಡಗಿನ ಚಳಿಯಲ್ಲಿ ಕಾರಿಗೆ ತಂಪು ಯಂತ್ರ ಯಾಕಪ್ಪಾ ಅಂತ ಎಸ್ಟೇಟ್ ಸಾಹುಕಾರ ಬೋಜಪ್ಪನನ್ನು ಕೇಳುವ ಧೈರ್ಯ ಮೂರ್ನಾಡಿನಲ್ಲಿ ಯಾರಿಗಿತ್ತು? ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ವರ್ಷವಾಗಿತ್ತಷ್ಟೆ. ಯಾವನೋ ದೊರೆ ಮದರಾಸಿನಲ್ಲಿ ಮಾರಿಹೋದ ಅಮೆರಿಕದ ಕಾರು ಅದು. ಅದರ ತಂಪು ಯಂತ್ರದ ಗುಟ್ಟು ತಿಳಿದವನು ನಾಣಯ್ಯ ಒಬ್ಬನೇ. ಮಿಲಿಟರಿ ಆಸ್ಪತ್ರೆಯ ಐಸ್ ಮೆಷೀನು ರಿಪೇರಿ ಮಾಡಿಕೊಂಡಿದ್ದು ಪಿಂಚಣಿ ಮೇಲೆ ಊರಿಗೆ ಬಂದಿದ್ದ.

ರಸ್ತೆ ಪಕ್ಕದ ಹಳೇ ಕಾಫಿ ಶೆಡ್ಡನ್ನು ವರ್ಕ್‌ಶಾಪಿಗೆ ಬಿಟ್ಟುಕೊಡುತ್ತೇನೆ ಅಂತ ಬೋಜಪ್ಪ ಮಾತು ಕೊಟ್ಟಿದ್ದ. ಆ ಒಂದು ಆಸೆಗೆ ನಾಣಯ್ಯ ಕರೆದಾಗೆಲ್ಲ ಓಡುತ್ತಿದ್ದ. ಪಾಪ, ಬೋರ್ಡು ಬರೆಸಲು ಹಲಸಿನ ಹಲಗೆಯನ್ನೂ ಕೊಯ್ಸಿಟ್ಟಿದ್ದ.

ಆ ವರ್ಷ ಕೋವಿ-ಕತ್ತಿಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ಹಿಂದಿನ ದಿನ ಯಂತ್ರದ ಪೈಪು ಒಡೆದು ಗ್ಯಾಸೆಲ್ಲ ಹೋಯಿತು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಒಂದಿಷ್ಟು ಹೋಗುತ್ತದೆ. ಹೋದಷ್ಟನ್ನೇ ಅಳೆದು ಹಾಕಬೇಕು. ಕಮ್ಮಿಯಾದರೆ ಒಳಗೆಲ್ಲ ಸವೆದು ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಮೊದಲು ತಂಪು ಹೋಗುತ್ತದೆ, ಆಮೇಲೆ ವಾಲ್ವೇ ಮುರಿಯುತ್ತದೆ. ಗ್ಯಾಸನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗುತ್ತದೆಯೇ? ನಾಣಯ್ಯನ ಅಳತೆಗೆ ಬ್ರಾಂದಿಯ ಪೆಗ್ ಗ್ಲಾಸಿತ್ತು. ಹಬ್ಬದ ಬೆಳಿಗ್ಗೆ ಹೊಸ ಪೈಪು ಕೂರಿಸಿ, ಕಡ್ಡಿ ಇಳಿಸಿ ಮಟ್ಟ ನೋಡಿ, ಒಂದು ಪೆಗ್ ಹುಯ್ದು ಬಿರಡೆ ಕೈಗೆ ತೆಗೆದುಕೊಂಡಿದ್ದ.

ಅಷ್ಟರಲ್ಲಿ ಬೋಜಪ್ಪ ಬಂದ, ಹಿಂದೆ ನೆಂಟರ ದಂಡು. ಕೋವಿ, ಕತ್ತಿ, ಗುದ್ದಲಿಗೆಲ್ಲ ಎಣ್ಣೆ ಸವರಿ, ಕೋವಿಯ ಬಾಯಿಗೆ ಕೆಂಪು ತೋಕ್ ಪೂ ಹೂವು ಸಿಕ್ಕಿಸಿ ಪೂಜೆಗೆ ಇಟ್ಟಾಗಿತ್ತು.

"ಇವತ್ತು ಮನೆಯ ಯಾವ ಕಬ್ಬಿಣವೂ ಒಣಗಿರಬಾರದು. ಬಾಯಿವರೆಗೆ ತುಂಬು" ಅಂದ.

ಇದಕ್ಕೆ ಇಷ್ಟೇ ಸಾಕು ಸಾಹುಕಾರ್ರೇ ಅಂತ ನಾಣಯ್ಯ ಮೆಲ್ಲಗೆ ಹೇಳಿ ನೋಡಿದ. ನೆಂಟನೊಬ್ಬ, ಕಂಡವರ ಎಣ್ಣೆಗೂ ಇವನದು ಜಿಪುಣತನ ಅಂತ ನಕ್ಕ. ಬೋಜಪ್ಪನ ಮುಖ ಸಣ್ಣಗಾಯಿತು. ನಾಣಯ್ಯನ ಕಣ್ಣು ಶೆಡ್ಡಿನ ಕಡೆ ಹೋಯಿತು. ಸುರಿದ. ಹಾಳು ಆಸೆ ನೋಡಿ! ನಾಳೆ ನೆಂಟರು ಹೋದ ಮೇಲೆ ಹೊರಗೆ ತೆಗೆದರಾಯಿತು ಅಂದುಕೊಂಡು ಅವರೆದುರೇ ಗ್ಯಾಸೂ ತುಂಬಿಸಿಟ್ಟ.

ಮಾರನೇ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಕಾರು ಮೈಸೂರಿಗೆ ಹೊರಟುಹೋಗಿತ್ತು. ಹುಣಸೂರು ದಾಟಿದ್ದೇ ತಂಪು ನಿಂತಿತು. ಕಟಕಟ ಸದ್ದಾಗಿ ಕಂಪ್ರೆಸರ್ ಮುರಿದು ಬೆಲ್ಟು ಹರಿಯಿತು, ಅದೇ ಬೆಲ್ಟಿನ ಇಂಜಿನ್ ಫ್ಯಾನೂ ನಿಂತು ಕಾರು ದಾರಿಯಲ್ಲೇ ಕೂತಿತು. ಬೋಜಪ್ಪನ ಹೆಂಡತಿ ನೀಲಾವತಿ ಬೀಗರನ್ನು ಕಟ್ಟಿಕೊಂಡು ಬಿಸಿಲಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿಯಬೇಕಾಯಿತು. ನಾಣಯ್ಯ ಎಣ್ಣೆ ಹಾಕದೆ ಯಂತ್ರ ಕೊಂದ ಅಂತ ಊರೆಲ್ಲ ಸುದ್ದಿಯಾಯಿತು.

ಅವನಿಗೆ ತಡೆಯಲಾಗಲಿಲ್ಲ. ಸೀದಾ ಹೋಗಿ, ಹಾಳಾದದ್ದು ಜಾಸ್ತಿ ಎಣ್ಣೆಯಿಂದ ಅಂತ ಹೇಳಿದ. ಬೋಜಪ್ಪ ಬಯ್ಯಲಿಲ್ಲ.

"ಹಾಳಾಗುತ್ತದೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಸುರಿದೆ?"

ನಾಣಯ್ಯನ ಕಣ್ಣು ಮತ್ತೆ ಶೆಡ್ಡಿನ ಕಡೆ ಹೋಯಿತು. ಏನಂತ ಹೇಳುವುದು, ನೀವು ಕೊಡುತ್ತೇನೆಂದ ಶೆಡ್ಡಿಗಾಗಿ ಅಂತಲೇ?

ಶೆಡ್ಡು ವಿರಾಜಪೇಟೆಯ ಪಂಕ್ಚರ್‌ನವನ ಪಾಲಾಯಿತು. ಹಲಸಿನ ಹಲಗೆಯನ್ನು ನಾಣಯ್ಯ ಕೋಳಿಗೂಡಿನ ಬಾಗಿಲಿಗೆ ಹೊಡೆದ.