ಕೋಡುಬಳೆಯ ಜೊತೆ ಕಳಿಸಿದ ಪುಸ್ತಕ

ನೆದರ್ಲೆಂಡ್ಸಿನ ಆಲ್ಮೆರೆ ಊರಿನ ಕನ್ನಡಿಗರಲ್ಲಿ ಚಂದ್ರಪ್ರಭಾಳ ಕೋಡುಬಳೆ ತಿನ್ನದವರು ಯಾರೂ ಇರಲಿಲ್ಲ. ಆಕೆ ಕಥೆ ಬರೆಯುತ್ತಾಳೆಂದು ತಿಳಿದವರೂ ಯಾರೂ ಇರಲಿಲ್ಲ. ಕೊರೊನಾ ಬಂದು, ಗಂಡ ಸುರೇಶ ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಬೆಳಗಿನಿಂದ ಸಂಜೆಯವರೆಗೂ "ಕೇಳಿಸ್ತಿದೆಯಾ, ಹಲೋ" ಎಂದು ಇಂಗ್ಲಿಷಿನಲ್ಲಿ ಕೂಗತೊಡಗಿದ ಮೇಲೆ, ಆಕೆಗೆ ಉಳಿದ ಜಾಗವೆಂದರೆ ಮಹಡಿಗೆ ಹೋಗುವ ಮೆಟ್ಟಿಲು. ಏಣಿಗಿಂತ ಸ್ವಲ್ಪ ವಾಸಿ ಎನ್ನುವಂಥ ಡಚ್ ಮನೆಯ ಮೆಟ್ಟಿಲು ಅದು. ಅದರ ನಡುವೆ ಕೂತು, ಫೋನಿನಲ್ಲೇ ಬೆರಳಾಡಿಸಿ, ಐವತ್ತರ ಹತ್ತಿರದ ಆ ಮೈಸೂರಿನ ಹೆಂಗಸು ಒಂದು ಕಥಾಸಂಕಲನವನ್ನೇ ಬರೆದು ಮುಗಿಸಿದಳು.

ಮೈಸೂರಿನ ಕಡೆಯ ಪ್ರಕಾಶಕರಿಗೆ ಬರೆದು ನೋಡಿದಳು. ಅವರು ಬೇಡ ಎಂದು ಹೇಳುವ ಸೌಜನ್ಯವನ್ನೂ ತೋರಿಸಲಿಲ್ಲ. ಸರಿ, ನಾನೇ ಪ್ರಕಟಿಸುತ್ತೇನೆ ಎಂದಳು. ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಯಾರು ಬೇಕಾದರೂ ಪುಸ್ತಕ ಹಾಕಬಹುದು, ಅದೇನೋ ನಿಜ. ಆದರೆ ಹೆಸರು ಕೇಳದ ಒಬ್ಬಳ ಪುಸ್ತಕ, ಕೆಳಗೆ ಒಬ್ಬರ ಅಭಿಪ್ರಾಯವೂ ಇಲ್ಲ ಎಂದರೆ, ಯಾರು ತಾನೇ ನಿಂತು ನೋಡಿಯಾರು?

ಸುರೇಶ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ಅವನ ಅನ್ನ.

"ನೋಡು ಪ್ರಭಾ, ಟೆಸ್ಟಿಂಗ್ ಇಲ್ದೆ ರಿಲೀಸ್ ಮಾಡೋದು ನಮ್ಮಲ್ಲಿ ಮಹಾಪಾಪ. ಮೊದಲು ನಾಲ್ಕು ಜನಕ್ಕೆ ಓದೋಕೆ ಕೊಡು. ರಿವ್ಯೂ ಬಂದ್ರೆ ಪೇಜಲ್ಲಿ ಹಾಕೋಕೂ ಆಯ್ತು, ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋಕೂ ಆಯ್ತು."

ಹಾಗೆ ಮೊದಲ ಓದುಗರನ್ನು ಹುಡುಕಿಕೊಡುವ ಕಂಪನಿಗಳೂ ಇದ್ದವು. ಅವರು ಕೇಳುವ ಹಣ ಜಾಸ್ತಿ, ಅವರಲ್ಲಿ ಕನ್ನಡ ಓದುವವರು ಸೊನ್ನೆ. ನಿಜ ಹೇಳಬೇಕೆಂದರೆ ಚಂದ್ರಪ್ರಭಾಗೆ ಬೇಕಾಗಿದ್ದದ್ದು ಸ್ಟಾರುಗಳಲ್ಲ. ತಾನು ಬರೆದದ್ದು ಪುಸ್ತಕವೋ, ಹೊತ್ತು ಹೋಗದ ಹೆಂಗಸಿನ ಗೀಚಾಟವೋ, ಅದನ್ನು ಯಾರಾದರೂ ಮುಖಕ್ಕೆ ನೇರ ಹೇಳಬೇಕಿತ್ತು. ಒಬ್ಬರಾದರೂ ಹೇಳುವವರೆಗೆ ಬಿಡುಗಡೆ ಮಾಡುವುದಿಲ್ಲ ಎಂದು ಹಟ ಹಿಡಿದುಬಿಟ್ಟಳು.

ಮನೆಯ ಪ್ರಿಂಟರಿನಲ್ಲೇ ಪ್ರತಿಗಳನ್ನು ಮುದ್ರಿಸಿ, ದಪ್ಪ ದಾರದಲ್ಲಿ ಹೊಲಿದಳು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಮಾಡಿದಳು ನೋಡಿ ತಪ್ಪು! ಬರಿಗೈಯಲ್ಲಿ ಒಬ್ಬರ ಬಾಗಿಲಿಗೆ ಹೋಗುವುದುಂಟೆ? ಒಂದೊಂದು ಪುಸ್ತಕದ ಜೊತೆಗೂ ಒಂದೊಂದು ಸ್ಟೀಲ್ ಡಬ್ಬಿಯ ತುಂಬ ಕೋಡುಬಳೆ ಇಟ್ಟಳು. ಮುಚ್ಚಳದ ಮೇಲೆ ಹೆಸರು ಕೆತ್ತಿಸಿದ್ದ, ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ಡಬ್ಬಿಗಳು. ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿ, ಬಾಗಿಲ ಮುಂದೆ ಇಟ್ಟು, ಬೆಲ್ ಒತ್ತಿ, ಹಿಂದೆ ಸರಿದು ನಿಂತು ಕೈಬೀಸಿ ಬಂದಳು. ಒಂದನ್ನು ಪೋಸ್ಟಿನಲ್ಲಿ ನೈಮೆಗನ್ ಎಂಬ ದೂರದ ಊರಿಗೆ ಕಳಿಸಿದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಧಾರವಾಡದ ಹುಡುಗಿ ಅಕ್ಷಯಾ, ಕನ್ನಡ ಓದದೆ ನಾಲಿಗೆ ತುಕ್ಕು ಹಿಡಿದಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಳು.

ಖಾಲಿ ಡಬ್ಬಿ ವಾಪಸ್ ಕೊಡುವ ಜನವೇ ನಾವು? ಒಂದೊಂದಾಗಿ ಡಬ್ಬಿಗಳು ತುಂಬಿಕೊಂಡೇ ಮರಳಿದವು. ಪಕ್ಕದ ಬೀದಿಯ ಗೆಳತಿ ಪದ್ಮಿನಿಯದರಲ್ಲಿ ರವೆ ಉಂಡೆ. ಒಂಟಿಯಾಗಿರುವ ಮುರಳೀಧರನದರಲ್ಲಿ ಅಂಗಡಿಯ ಬಿಸ್ಕತ್ತು. ಜೊತೆಗೆ ಹೊಗಳಿಕೆಯ ಸುರಿಮಳೆ.

"ಸೂಪರ್ ಕಣೇ ಪ್ರಭಾ, ಕಣ್ಣಲ್ಲಿ ನೀರು ಬಂತು!" ಎಂದಳು ಪದ್ಮಿನಿ ಫೋನಿನಲ್ಲಿ.

"ಯಾವ ಕಥೆಗೆ?"

"ಎಲ್ಲದಕ್ಕೂನು. ಕೋಡುಬಳೆಗೆ ಮಾತ್ರ ಖಾರ ಒಂಚೂರು ಜಾಸ್ತಿ ಆಯ್ತೇನೋ ಅಂತಿದ್ರು ನಮ್ಮನೆಯವ್ರು."

ಅಷ್ಟು ಜನರಿಂದ ಬಂದ ಒಂದೇ ಒಂದು ಟೀಕೆ, ಅದೂ ಕೋಡುಬಳೆಯ ಮೇಲೆ. ಸುರೇಶ ಬಿದ್ದು ಬಿದ್ದು ನಕ್ಕ.

"ಟೆಸ್ಟರ್‌ಗಳಿಗೇ ಲಂಚ ಕೊಟ್ಬಿಟ್ಟೆ ನೀನು. ಉಪ್ಪು ತಿಂದ ಮೇಲೆ ತಪ್ಪು ಯಾರು ಹೇಳ್ತಾರೆ?"

ಚಂದ್ರಪ್ರಭಾಗೆ ನಗು ಬರಲಿಲ್ಲ. ಪುಸ್ತಕ ಬಿಡುಗಡೆಯ ಮಾತನ್ನೇ ನಿಲ್ಲಿಸಿದಳು. ನೈಮೆಗನ್‌ನ ಡಬ್ಬಿಯಂತೂ ಬರಲೇ ಇಲ್ಲ. ಪುಸ್ತಕವೂ ಹೋಯಿತು, ಅಮ್ಮನ ಡಬ್ಬಿಯೂ ಹೋಯಿತು ಎಂದುಕೊಂಡಳು.

ಚಳಿ ಕಳೆದು ಕಾಲುವೆಯ ಮಂಜುಗಡ್ಡೆ ಕರಗಿದ ಮೇಲೆ ಅಕ್ಷಯಾ ಫೋನ್ ಮಾಡಿದಳು. "ನಾ ಬರಬೌದೇನ್ರಿ ಆಂಟಿ?" ಎಂದಳು. ಮನೆಗೆ ಒಬ್ಬ ಅತಿಥಿ ಮಾತ್ರ ಎಂಬ ಸರ್ಕಾರದ ನಿಯಮವಿದ್ದ ದಿನಗಳು ಅವು. ಆ ಒಬ್ಬ ಅತಿಥಿಯಾಗಿ, ಮಾಸ್ಕ್ ಹಾಕಿಕೊಂಡು ರೈಲಿನಲ್ಲಿ ಬಂದು, ತೆರೆದ ಕಿಟಕಿಯ ಪಕ್ಕ, ಸೋಫಾದ ಆ ತುದಿಯಲ್ಲಿ ಕೂತಳು. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಚಂದ್ರಪ್ರಭಾ ಮುಚ್ಚಳ ತೆಗೆದಳು. ತೊಳೆದು ಒರೆಸಿ ಫಳಫಳ ಅನ್ನುತ್ತಿತ್ತು, ಒಳಗೆ ಏನೂ ಇಲ್ಲ. ಶಾಸ್ತ್ರಕ್ಕೆ ಒಂದು ಚಿಟಿಕೆ ಸಕ್ಕರೆಯೂ ಇಲ್ಲ. ಆಕೆಯ ಮುಖ ಸಪ್ಪಗಾಯಿತು.

"ಸಿಟ್ಟಾಗಬ್ಯಾಡ್ರಿ ಆಂಟಿ," ಎಂದಳು ಹುಡುಗಿ. "ನಮ್ಮವ್ವಗ ಗೊತ್ತಾದ್ರ ನನ್ನ ಸುಮ್ನ ಬಿಡೂದಿಲ್ಲ. ಏನರೆ ತುಂಬಿ ಕೊಟ್ರ ಆಮ್ಯಾಲೆ ಖರೆ ಮಾತು ಹೇಳಾಕ ಬಾಯಿ ಬರೂದಿಲ್ಲಂತ ಖಾಲಿ ತಂದೀನಿ."

"ಏನು ಹೇಳಬೇಕಿತ್ತಮ್ಮಾ?"

"ನಿಮ್ಮ ಕಥಿಯೊಳಗ ಮಂದಿ ಭಾಳ ಚಂದ ಜಗಳಾಡ್ತಾರ್ರಿ. ಓದಕೋತ ಕುಂತ್ರ ನನಗ ಊಟದ ನೆನಪೂ ಆಗ್ಲಿಲ್ಲ. ಆದ್ರ ಕೊನಿಗೆ ಬಂದ ಕೂಡ್ಲೆ ಯಾರರೆ ಒಬ್ರು ಹೋಳಿಗಿ ಮಾಡ್ಕೊಂಡು ಬರ್ತಾರ, ಎಲ್ಲಾರೂ ತಿಂದು ಒಂದಾಗ್ತಾರ. ಒಂದ ಕಥಿನೂ ಬಿಟ್ಟಿಲ್ರಿ ನೀವು."

ಚಂದ್ರಪ್ರಭಾಗೆ ಪಿತ್ತ ನೆತ್ತಿಗೇರಿತು. ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು. ಮೊನ್ನೆ ಮೊನ್ನೆ ಹುಟ್ಟಿದ ಹುಡುಗಿ, ಇವಳಿಗೇನು ಗೊತ್ತು! ಹಾಲು ಕಾಯುವಷ್ಟರಲ್ಲಿ ಕಥೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಳು. ಒಂದರಲ್ಲಿ ಹೋಳಿಗೆ. ಇನ್ನೊಂದರಲ್ಲೂ ಹೋಳಿಗೆ. ಮತ್ತೊಂದರಲ್ಲಿ ಪಾಯಸವಾದರೂ ಇತ್ತಲ್ಲ ಎಂದು ನೆನಪಿಸಿಕೊಂಡರೆ, ಪಾಯಸದ ಪಕ್ಕದಲ್ಲಿ ಹೋಳಿಗೆಯೂ ಇತ್ತು. ಕಾಫಿ ಲೋಟ ಹಿಡಿದು ಬರುವಾಗ ಸಿಟ್ಟು ಅರ್ಧ ಇಳಿದಿತ್ತು.

"ಕೊನೇ ಕಥೆನೂ ಹಾಗೇನಾ? ಅಕ್ಕ ತಂಗಿ ಕಥೆ?"

"ಅದು ಎಲ್ಲಾದಕ್ಕಿಂತ ಛಲೋ ಕಥಿ. ಆದ್ರ ಅಕ್ಕ ಬಾಗಲಾ ತಗೀತಾಳಲ್ರಿ, ಅದನ್ನ ನಾ ನಂಬ್ಲಿಲ್ಲ. ಅಷ್ಟ ಹಟದಾಕಿ ಒಂದ ಡಬ್ಬಿ ಹೋಳಿಗಿಗೆ ಹೆಂಗ ತಗೀತಾಳ್ರಿ?"

ಚಂದ್ರಪ್ರಭಾ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು.

"ತೆಗೀಲಿಲ್ಲ," ಎಂದಳು.

ಈ ದೇಶಕ್ಕೆ ಬರುವ ಮುಂಚೆ, ಮೈಸೂರಿನ ಸರಸ್ವತಿಪುರಂನಲ್ಲಿ, ತನ್ನ ಸ್ವಂತ ಅಕ್ಕನ ಮನೆಯ ಮುಂದೆ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದಳು. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು. ಬೆಲ್ ಒತ್ತಿದ ಮೇಲೆ ಆ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಡಬ್ಬಿಯನ್ನು ಹೊಸಿಲ ಮೇಲಿಟ್ಟು ವಾಪಸ್ ಬಂದಿದ್ದಳು. ಇಷ್ಟು ವರ್ಷ ಗಂಡನಿಗೂ ಹೇಳದ ಮಾತನ್ನು, ಗುರುತು ಪರಿಚಯವಿಲ್ಲದ ಆ ಹುಡುಗಿಯ ಮುಂದೆ ಹೇಳಿ ಅತ್ತಳು. ಹತ್ತಿರ ಬಂದು ಕೈ ಹಿಡಿಯುವ ಹಾಗಿಲ್ಲದ ಕಾಲ. ಅಕ್ಷಯಾ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಇತ್ತ ತಳ್ಳಿದಳು.

"ಹಂಗ ಬರೀರಿ ಆಂಟಿ," ಎಂದಳು. "ಆದದ್ದು ಆದಂಗ ಬರೀರಿ."

ಅಕ್ಷಯಾ ಹೊರಡುವಾಗ ಚಂದ್ರಪ್ರಭಾಳ ಕೈ ಅಭ್ಯಾಸಬಲದಿಂದ ಡಬ್ಬಿ ತುಂಬಲು ಹೋಯಿತು. ತಡೆದು, ಡಬ್ಬಿಯನ್ನು ಕಪಾಟಿನಲ್ಲಿಟ್ಟಳು. ಕೋಡುಬಳೆಯನ್ನು ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು ತಂದಳು.

"ತಗೋ. ಇದು ಪುಸ್ತಕಕ್ಕಲ್ಲ, ನಿನಗೆ."

ಮತ್ತೆ ಮೆಟ್ಟಿಲ ಮೇಲೆ ಕೂತಳು. ಬೇಸಗೆಯವರೆಗೂ ತಿದ್ದಿದಳು. ಒಂದೊಂದು ಹೋಳಿಗೆಯನ್ನು ತೆಗೆಯುವಾಗಲೂ ಹೊಟ್ಟೆ ಉರಿಯಿತು, ಆದರೂ ತೆಗೆದಳು. ಅಕ್ಕನ ಬಾಗಿಲನ್ನು ಮುಚ್ಚಿಯೇ ಬಿಟ್ಟಳು. ಈ ಸಲ ಪ್ರತಿಗಳನ್ನು ಕೋಡುಬಳೆಯಿಲ್ಲದೆ ಕಳಿಸಿದಳು. ಅಭಿಪ್ರಾಯಗಳು ತಡವಾಗಿ ಬಂದವು, ಕಡಿಮೆ ಬಂದವು. ಎರಡನೇ ಕಥೆಯ ಗಂಡಸು ಥೇಟ್ ನಮ್ಮನೆಯವರ ಹಾಗೆಯೇ, ಓದಿ ಸಿಟ್ಟು ಬಂತು ಎಂದು ಪದ್ಮಿನಿ ಹೇಳಿದಾಗ, ಆಕೆ ಪುಸ್ತಕವನ್ನು ನಿಜವಾಗಿಯೂ ಓದಿದ್ದಾಳೆಂದು ಚಂದ್ರಪ್ರಭಾಗೆ ಸಂತೋಷವಾಯಿತು. ಪುಸ್ತಕ ಬಿಡುಗಡೆಯಾಯಿತು.

ಅಂಗಡಿಯ ಪುಟದಲ್ಲಿ ಎಲ್ಲರೂ ಐದೈದು ಸ್ಟಾರ್ ಕೊಟ್ಟಿದ್ದರು. ಅಕ್ಷಯಾ ಮಾತ್ರ ನಾಲ್ಕು.

"ಅಷ್ಟು ಕೋಡುಬಳೆ ತಿಂದು ನಾಲ್ಕೇನಾ?" ಎಂದ ಸುರೇಶ, ಹೆಂಡತಿಯ ಪರವಾಗಿ ನೊಂದುಕೊಂಡು.

"ಏನು ಬರೆದಿದಾಳೆ, ಓದಿ ಅದನ್ನ," ಎಂದಳು ಚಂದ್ರಪ್ರಭಾ.

ಸುರೇಶ ಓದಿದ. "ಕೊನೆಯ ಕಥೆಯಲ್ಲಿ ಅಕ್ಕ ಬಾಗಿಲು ತೆಗೆಯುವುದಿಲ್ಲ. ಅದನ್ನು ಓದಿ ಮುಗಿಸಿ, ಮಾತು ಬಿಟ್ಟಿದ್ದ ನನ್ನ ತಂಗಿಗೆ ನಾನೇ ಫೋನ್ ಮಾಡಿದೆ. ಒಂದು ಸ್ಟಾರ್ ಕಡಿಮೆ, ಯಾಕೆಂದರೆ ಮೂರನೆಯ ಕಥೆಯಲ್ಲಿ ಹೋಳಿಗೆ ಇನ್ನೂ ಇದೆ."

ಚಂದ್ರಪ್ರಭಾ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ಅದೊಂದು ಇರ್ಲಿ ಅಂತ ನಾನೇ ಬಿಟ್ಟಿದ್ದು," ಎಂದಳು.