ಕದ್ದು ಮೀಸಲಿಟ್ಟ ಜೇನು

ನಾನು ಚಿಕ್ಕವಳಿದ್ದ ಕಾಲದಲ್ಲಿ ಜೇನುತುಪ್ಪ ಅಂಗಡಿಯಲ್ಲಿ ಸಿಗುವ ಪದಾರ್ಥವಾಗಿರಲಿಲ್ಲ. ಅಪ್ಪ ಪ್ರತಿ ವಾರ ಕೊಣನೂರಿನ ಸಂತೆಗೆ ಹೋಗುತ್ತಿದ್ದರು. ಉಪ್ಪು, ಬೆಲ್ಲ, ಮೆಣಸಿನಕಾಯಿ, ಎತ್ತಿನ ಮೂಗುದಾರ ಎಲ್ಲವೂ ಅವರ ಚೀಲದಲ್ಲಿ ಬರುತ್ತಿದ್ದವು, ಜೇನು ಮಾತ್ರ ಬರುತ್ತಿರಲಿಲ್ಲ. ಅದು ಮರದ ಪೊಟರೆಯಲ್ಲಿ, ಹಳೆಯ ಹುತ್ತದಲ್ಲಿ, ಬಿದ್ದ ಮನೆಯ ಗೋಡೆಯ ಬಿರುಕಿನಲ್ಲಿ ಇರುತ್ತಿತ್ತು. ಮೊದಲು ಕಂಡವರಿಗೆ ಸೇರುತ್ತಿತ್ತು.

ಕಂಡವರು ಅಲ್ಲೊಂದು ಗುರುತು ಕಟ್ಟುತ್ತಿದ್ದರು. ಕೆಲವರು ಹುಲ್ಲಿನ ಹುರಿ ಕಟ್ಟಿದರೆ ಕೆಲವರು ತೆಂಗಿನ ನಾರು ಕಟ್ಟುತ್ತಿದ್ದರು. ಒಮ್ಮೆ ಗುರುತು ಬಿದ್ದ ಮೇಲೆ ಆ ಜೇನಿಗೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ. ಪಕ್ಕದವರ ಹೊಲದ ಬದುವನ್ನು ಗೇಣಷ್ಟು ಒತ್ತಿಕೊಂಡವರು ನಮ್ಮೂರಿನಲ್ಲಿದ್ದರು. ಇನ್ನೊಬ್ಬರ ಗದ್ದೆಯ ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಂಡವರೂ ಇದ್ದರು. ಜೇನಿನ ಗುರುತು ಬಿಚ್ಚಿದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ನಮ್ಮ ಮನೆಯ ಸಾಲಿನ ಕೊನೆಯಲ್ಲಿ ಒಬ್ಬ ಅತ್ತೆ ಇದ್ದರು. ನಮಗೆ ನೆಂಟರೇನಲ್ಲ. ಅಪ್ಪ ಅವರನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನಮಗೆ ಅತ್ತೆ. ಒಂದಷ್ಟು ಕೋಳಿಗಳು, ತುಂಡು ಹೊಲ, ಹಿತ್ತಲಿನಾಚೆ ಒಂದು ಮುದಿ ಬೇವಿನ ಮರ, ಇಷ್ಟು ಅವರ ಬದುಕು. ಆ ಬೇವಿನ ಪೊಟರೆಯಲ್ಲಿ ತುಡುವೆ ಜೇನು ಕಟ್ಟಿತ್ತು. ತುಡುವೆ ಎಂದರೆ ಕತ್ತಲಿನಲ್ಲಿ ಗೂಡು ಕಟ್ಟುವ ಸಣ್ಣ ಜೇನು. ಅತ್ತೆ ತಮ್ಮ ಹಳೆಯ ಕೆಂಪು ಸೀರೆಯ ಅಂಚನ್ನು ಹರಿದು ಪೊಟರೆಯ ಬಳಿಯ ಕೊಂಬೆಗೆ ಬಿಗಿದಿದ್ದರು. ದಿನವೂ ಸಂಜೆ ಹೋಗಿ ಬೊಡ್ಡೆಗೆ ಕಿವಿ ಹಚ್ಚಿ ಒಳಗಿನ ಸದ್ದು ಕೇಳುತ್ತಿದ್ದರು. ಒಮ್ಮೆ ನನ್ನ ಕಿವಿಯನ್ನೂ ಹಚ್ಚಿಸಿದ್ದರು. ಮರಕ್ಕೆ ಜ್ವರ ಬಂದು ನರಳುತ್ತಿದೆಯೋ ಎಂಬಂತೆ ಕೇಳಿಸಿತ್ತು.

ಅವರ ಜೇನನ್ನು ಅವರು ತಿಂದದ್ದನ್ನು ನಾನು ನೋಡಿಲ್ಲ. ಯಾರಿಗೆ ಕೆಮ್ಮು ಬಂದರೂ ಶುಂಠಿಯ ಜೊತೆ ಅತ್ತೆಯ ಜೇನೇ ಆಗಬೇಕಿತ್ತು. ಬಟ್ಟಲು ಹಿಡಿದು ಅವರ ಬಾಗಿಲಿಗೆ ಹೋಗದ ಮನೆ ಇರಲಿಲ್ಲ. ಹೋದವರು ಜಗಲಿಯಲ್ಲಿ ಕೂತು ನಾಲ್ಕು ಮಾತಾಡಿ ಬರುತ್ತಿದ್ದರು. ಒಂಟಿ ಹೆಂಗಸಿನ ಮನೆಗೆ ಹೀಗೆ ಇಡೀ ಊರು ಬಂದುಹೋಗುತ್ತಿತ್ತು.

ಕಾರ್ತಿಕದ ಸೋಮವಾರಗಳಲ್ಲಿ ನಮ್ಮೂರ ಈಶ್ವರನ ಗುಡಿಯಲ್ಲಿ ಪಂಚಾಮೃತದ ಅಭಿಷೇಕವಾಗುತ್ತಿತ್ತು. ಹಾಲು ಒಂದು ಮನೆಯದು, ತುಪ್ಪ ಇನ್ನೊಂದು ಮನೆಯದು, ಹೀಗೆ ಸರದಿ. ಆ ವರ್ಷ ಮೊದಲ ಸೋಮವಾರದ ಜೇನು ನಮ್ಮ ಪಾಲಿಗೆ ಬಂದಿತ್ತು. ನಮ್ಮ ಹೊಲದ ಹುತ್ತದಲ್ಲಿ ಅಪ್ಪ ಗುರುತು ಕಟ್ಟಿದ ಜೇನಿತ್ತು. ರಾಗಿಯ ನಡುವೆ ಸಾಲು ಹಿಡಿದ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿತ್ತು. ಆ ಹೂವಿನ ಧೈರ್ಯದ ಮೇಲೆ ಅಪ್ಪ ಗುಡಿಯ ಜಗಲಿಯಲ್ಲಿ ಎಲ್ಲರ ಮುಂದೆ, ಈ ಸಲ ಲಿಂಗ ಮುಳುಗುವಷ್ಟು ಜೇನು ತರುತ್ತೇನೆ ಎಂದುಬಿಟ್ಟರು. ದೀಪಾವಳಿ ಹತ್ತಿರವಾದಾಗ ಹೋಗಿ ನೋಡಿದರೆ ಹುತ್ತಕ್ಕೆ ಕಟ್ಟಿರುವೆಗಳ ದಂಡು ನುಗ್ಗಿತ್ತು. ಜೇನ್ನೊಣಗಳು ಗೂಡು ಬಿಟ್ಟು ಹಾರಿಹೋಗಿದ್ದವು.

ಅಪ್ಪ ಅದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, ಅರಕಲಗೂಡಿನಿಂದ ಮಾವ ಜೇನು ಕಳಿಸುತ್ತಾನೆ ಎಂದರು. ಅತ್ತೆಯನ್ನು ಕೇಳಬಹುದಿತ್ತು. ಆದರೆ ಕೆಲವು ದಿನಗಳ ಹಿಂದೆಯಷ್ಟೇ ಅತ್ತೆಯ ಕೋಳಿಗಳು ನಮ್ಮ ಹಿತ್ತಲಿಗೆ ನುಗ್ಗಿ ಕೊತ್ತಂಬರಿ ಪಾತಿಯನ್ನೆಲ್ಲ ಕೆದರಿದ್ದವು. ಅಪ್ಪ ಬೀದಿಯಲ್ಲಿ ನಿಂತು, ಕೋಳಿ ಸಾಕಕ್ಕೆ ಬರದವರು ಕೋಳಿ ಯಾಕೆ ಮಡಗ್ಬೇಕು ಎಂದು ಕೂಗಾಡಿದ್ದರು. ಆ ಬಾಗಿಲಿಗೆ ಬಟ್ಟಲು ಹಿಡಿದು ಹೋಗುವುದು ಅವರಿಂದ ಆಗಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಸಂತೆಗೆ ಹೋಗಿದ್ದಾಗ ಅಪ್ಪ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಮೈಯೆಲ್ಲ ಹೊಗೆಯ ವಾಸನೆ. ಒಂದು ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಬಾಳೆಲೆ ಮುಚ್ಚಿದ ಹಿತ್ತಾಳೆ ಚೊಂಬನ್ನು ನೇರವಾಗಿ ದೇವರ ಕೋಣೆಗೆ ಒಯ್ದರು. ಮನೆ ತುಂಬ ಸಿಹಿ ವಾಸನೆ ಹರಡಿತು. ಅವ್ವ ಅವರ ಅಂಗಿಯನ್ನು ನೆನೆಹಾಕಲು ಎತ್ತಿಕೊಂಡಾಗ ಜೇಬಿನಿಂದ ಕೆಂಪು ಬಟ್ಟೆಯ ಚೂರೊಂದು ಬಿತ್ತು. ನಾನೂ ನೋಡಿದೆ, ಅವ್ವನೂ ನೋಡಿದಳು. ಅವ್ವ ಅದನ್ನು ಒಲೆಗೆ ಹಾಕಿದಳು.

"ಅತ್ತೇದಲ್ವೇನವ್ವ ಅದು?" ಎಂದೆ.

"ದೇವ್ರಿಗೆ ಮೀಸಲು ಕಣೆ. ಬಾಯಿ ಮುಚ್ಕೊಂಡಿರು," ಎಂದಳು ಅವ್ವ. ಅವಳು ನನ್ನ ಕಡೆಗೆ ತಿರುಗಲಿಲ್ಲ.

ಮೀಸಲು ಎಂದರೆ ದೇವರಿಗೆ ಎಂದು ಎತ್ತಿಟ್ಟದ್ದು, ಯಾರೂ ಮುಟ್ಟುವ ಹಾಗಿಲ್ಲ. ಅಪ್ಪ ಹಾಗೆ ಹೇಳಿಕೊಂಡೇ ಮನಸ್ಸನ್ನು ಸಮಾಧಾನ ಮಾಡಿಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ. ತನಗಾಗಿ ಒಂದು ಹನಿಯನ್ನೂ ತೆಗೆದಿರಲಿಲ್ಲವಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನಮ್ಮ ಜಗಲಿಗೆ ಬಂದು ಕೂತರು. ಪೊಟರೆ ಬರಿದಾಗಿದೆ, ಮರಿಯಿದ್ದ ಮೇಣದ ಹಲ್ಲೆಯನ್ನೂ ಬಿಡದೆ ಕೊಯ್ದಿದ್ದಾರೆ, ನೊಣಗಳು ಕೊಂಬೆಗೆ ಅಂಟಿಕೊಂಡು ಕೂತಿವೆ ಎಂದು ಹೇಳಿದರು. ದನಿ ಏರಿಸಲಿಲ್ಲ. ಯಾರದಾದರೂ ಮನೆಯಲ್ಲಿ ಸಾವಾದಾಗ ಹೇಳುವ ಹಾಗೆ ಹೇಳಿದರು. ಅಪ್ಪ ಮಿಣಿ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತದೆ, "ಕೋತಿ ಕೆಲ್ಸ ಇರ್ಬೇಕು ಕಣಕ್ಕ," ಎಂದರು.

"ಗಂಟು ಬಿಚ್ಚೋ ಕೋತೀನ ನಾನೆಲ್ಲೂ ಕಾಣೆ ಕಣಪ್ಪ," ಎಂದರು ಅತ್ತೆ. ಆಮೇಲೆ ಅಪ್ಪನ ಮುಖ ನೋಡಿ, ಕಣ್ಣಿಗೇನಾಯಿತು ಎಂದು ಕೇಳಿದರು. ಕಣಜ ಕಚ್ಚಿತು ಎಂದರು ಅಪ್ಪ. ಸುಣ್ಣ ಹಚ್ಚಿಕೋ ಎಂದು ಹೇಳಿ ಅತ್ತೆ ಎದ್ದು ಹೋದರು. ನಾನು ಕಂಬದ ಹಿಂದೆ ನಿಂತಿದ್ದೆ. ಅವರು ಹೋಗುವಾಗ ನನ್ನ ತಲೆ ಸವರಿದರು. ಅವರ ಕೈ ತಗುಲಿದ ಜಾಗ ಬಹಳ ಹೊತ್ತು ನನ್ನದಲ್ಲ ಅನ್ನಿಸುತ್ತಿತ್ತು.

ಹಬ್ಬದ ದಿನ ಬಂತು. ನರಕ ಚತುರ್ದಶಿಯ ಎಣ್ಣೆಸ್ನಾನ. ಹಿಂದಿನ ದಿನವೇ ಹಂಡೆ ತೊಳೆದು, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ನೀರು ತುಂಬಿದ್ದೆವು. ಬೆಳಕು ಹರಿಯುವ ಹೊತ್ತಿಗೆ ಬಚ್ಚಲು ಹೊಗೆಯಿಂದ ತುಂಬಿತ್ತು. ಹಂಡೆಯ ನೀರು ಮರಳುತ್ತಿತ್ತು. ಅಕ್ಕ ನನ್ನ ತಲೆಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ತಮ್ಮನಿಗೆ ಆಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಓಡಿ ಬಂದ. ಜಾರಿದ. ಬೀಳದಿರಲು ಕೈಗೆ ಸಿಕ್ಕ ತಂಬಿಗೆಯನ್ನು ಹಿಡಿದ. ಅವ್ವ ಆಗಷ್ಟೇ ಹಂಡೆಯಿಂದ ಅದರಲ್ಲಿ ನೀರು ತೋಡಿ ಕಟ್ಟೆಯ ಮೇಲಿಟ್ಟಿದ್ದಳು. ನೀರೆಲ್ಲ ಅವನ ತೋಳಿನ ಮೇಲೆ ಬಿತ್ತು.

ಆ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಅವ್ವ ತಣ್ಣೀರು ಸುರಿಯುತ್ತಲೇ ಇದ್ದಳು. ಅಪ್ಪ ಗಾಡಿ ಕಟ್ಟಲು ಆಳಿಗೆ ಹೇಳಿದರು. ಕೊಣನೂರಿನ ಡಾಕ್ಟರಲ್ಲಿಗೆ ಹೋಗಬೇಕಿತ್ತು, ಎತ್ತುಗಳು ಇನ್ನೂ ಹೊಲದ ಕೊಟ್ಟಿಗೆಯಲ್ಲಿದ್ದವು. ಅಷ್ಟರಲ್ಲಿ ಅತ್ತೆ ಓಡಿ ಬಂದರು. ಅವರ ತಲೆಯಿಂದಲೂ ಎಣ್ಣೆ ಇಳಿಯುತ್ತಿತ್ತು. ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ತೋಳು ನೋಡಿದರು. ಚರ್ಮ ಕೆಂಪಗಾಗಿ ಅಲ್ಲಲ್ಲಿ ನೀರುಗುಳ್ಳೆ ಏಳುತ್ತಿತ್ತು.

"ಜೇನು ಬೇಕು. ಬೇಗ ಹಚ್ಚುದ್ರೆ ಗಾಯ ಕೊಳೆಯಾಕಿಲ್ಲ," ಎಂದರು. ನಮ್ಮ ಪೊಟರೆ ಹೀಗಾಗದಿದ್ದರೆ ಈಗಲೇ ಕೊಯ್ದು ತರುತ್ತಿದ್ದೆ ಎಂದು ಗೊಣಗಿದರು. ಯಾರ ಮನೆಯಲ್ಲಾದರೂ ಒಂದು ಬಟ್ಟಲಿದ್ದರೆ ಇಸಕೊಂಡು ಬಾ ಎಂದು ಅಕ್ಕನನ್ನು ಕಳಿಸಿದರು. ಅಕ್ಕ ಒದ್ದೆ ಲಂಗದಲ್ಲೇ ಮನೆಮನೆಗೆ ಓಡಿದಳು. ಕೂಗಿಗೆ ಬಂದ ಜನ ಅಂಗಳದಲ್ಲಿ ಸೇರಿದರು. ಅಕ್ಕ ಬರಿಗೈಯಲ್ಲಿ ಬಂದಳು.

ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವ್ವ ಕೂಡ ನೋಡುತ್ತಿದ್ದಳು. ದೇವರ ಕೋಣೆಯ ಬಾಗಿಲು ಅಪ್ಪನ ಬೆನ್ನ ಹಿಂದೆಯೇ ಇತ್ತು. ಚೊಂಬು ಹೊರಗೆ ಬಂದರೆ ಅದು ಎಲ್ಲಿಯದು ಎಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತಿತ್ತು. ದೇವರ ಮೀಸಲು ಮುರಿದ ಹಾಗೂ ಆಗುತ್ತಿತ್ತು. ತಮ್ಮ ಕೂಗಿ ಕೂಗಿ ದನಿ ಬತ್ತಿ ಬಿಕ್ಕುತ್ತಿದ್ದ. ಅಪ್ಪ ನಿಂತೇ ಇದ್ದರು. ಅದೆಷ್ಟು ಹೊತ್ತು ಎಂದು ಹೇಳಲಾರೆ, ಆಗ ಬಹಳ ಹೊತ್ತು ಅನ್ನಿಸಿತು. ಹೇಳಿಬಿಡಬೇಕೆಂದು ನನ್ನ ಬಾಯಿಗೂ ಬಂದಿತ್ತು.

ಕೊನೆಗೆ ಅಪ್ಪ ತಿರುಗಿ ಒಳಗೆ ಹೋದರು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅತ್ತೆಯ ಮುಂದೆ ನೆಲದ ಮೇಲಿಟ್ಟರು. ಬಾಳೆಲೆ ಬಾಡಿ ಕಪ್ಪಾಗಿತ್ತು.

ಅತ್ತೆ ಎಲೆ ಸರಿಸಿ ಒಳಗೆ ನೋಡಿದರು. ಕೈಬೆರಳು ಅದ್ದಿ ಮೂಗಿನ ಹತ್ತಿರ ತಂದರು. ಒಗೆದ ಹಳೆಯ ಪಂಚೆ ಕೇಳಿ ತರಿಸಿಕೊಂಡು, ಜೇನನ್ನು ಹತ್ತಿ ಬಿಡಿಸುವಷ್ಟು ಹಗುರವಾಗಿ ತೋಳಿನ ಉದ್ದಕ್ಕೂ ಸವರಿದರು. ಮೇಲೆ ಸಡಿಲವಾಗಿ ಬಟ್ಟೆ ಸುತ್ತಿದರು. ತಮ್ಮನ ಬಿಕ್ಕಳಿಕೆ ನಿಧಾನವಾಗಿ ಇಳಿಯಿತು. ಎಲ್ಲ ಮುಗಿಸಿ, ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡ ಮೇಲೆಯೇ ಅವರು ಅಪ್ಪನ ಕಡೆಗೆ ತಿರುಗಿದರು.

"ಕೇಳಿದ್ರೆ ಕೊಡ್ತಿರ್ನಿಲ್ವೇನಪ್ಪ ನಾನು?"

ಇಷ್ಟೇ. ಅಂಗಳದಲ್ಲಿ ಯಾರೋ ಕೆಮ್ಮಿದರು. ಒಬ್ಬರು, ಅರಕಲಗೂಡಿನ ಮಾವ ಬೇಗನೆ ಕಳಿಸವ್ರೆ ಬುಡು ಎಂದರು. ಯಾರೂ ನಗಲಿಲ್ಲ. ಅಪ್ಪ ನೆಲ ನೋಡುತ್ತ ನಿಂತಿದ್ದರು. ಅಪ್ಪ ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದವರು. ಅವರ ಕಿವಿ ಕೆಂಪಗಾದದ್ದನ್ನು ನಾನು ಮೊದಲ ಸಲ ನೋಡಿದೆ. ನೋಡಬಾರದ್ದನ್ನು ನೋಡಿದೆ ಅನ್ನಿಸಿ ಬಚ್ಚಲೊಳಗೆ ಹೋಗಿ ನಿಂತೆ. ಕಣ್ಣಿಗೆ ಸೀಗೆ ಇಳಿಯುತ್ತಿತ್ತು. ಅಳಲು ಅದೊಂದು ನೆಪವಾಯಿತು.

ಡಾಕ್ಟರು ತೋಳನ್ನು ಪರೀಕ್ಷಿಸಿ, ಗಾಯ ಚೊಕ್ಕಟವಾಗಿದೆ, ಹಚ್ಚಿರುವುದನ್ನೇ ಹಚ್ಚುತ್ತಿರಿ ಎಂದರಂತೆ. ಅತ್ತೆ ದಿನವೂ ಬಂದು ಕಟ್ಟು ಬದಲಿಸಿದರು. ಲಿಂಗ ಮುಳುಗಬೇಕಿದ್ದ ಜೇನು ತಮ್ಮನ ತೋಳಿಗೇ ಸಂದಿತು. ಸೋಮವಾರ ಅಪ್ಪ ಗುಡಿಗೆ ಬರಿಗೈಯಲ್ಲಿ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಾಲು, ಮೊಸರು, ತುಪ್ಪ, ಸಕ್ಕರೆ ಎಲ್ಲವೂ ಬಂದಿದ್ದವು. ಅಯ್ನೋರು ಜೇನಿಗೆಂದು ಕೈ ಚಾಚಿದಾಗ ಅಪ್ಪ, "ಜೇನು ಇಲ್ಲ ಬುದ್ಧಿ. ತಂದಿದ್ದು ಕದ್ದಿದ್ದು. ಮಗೀಗೆ ಹಚ್ಚುದ್ವಿ," ಎಂದರು. ಎಲ್ಲರಿಗೂ ಆಗಲೇ ಗೊತ್ತಿತ್ತು. ಆದರೂ ಅವರ ಬಾಯಿಂದಲೇ ಕೇಳಿದಾಗ ಎಲ್ಲರೂ ತಿರುಗಿ ನೋಡಿದರು. ಅಯ್ನೋರು ಚಾಚಿದ ಕೈ ಹಿಂದಕ್ಕೆ ತೆಗೆದು, ಉಳಿದದ್ದರಲ್ಲೇ ಅಭಿಷೇಕ ಮಾಡಿದರು. ನಾನು ಅಪ್ಪನ ಪಂಚೆಯ ಚುಂಗು ಹಿಡಿದುಕೊಂಡಿದ್ದೆ. ಅಭಿಷೇಕ ಮುಗಿಯುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಆ ತಮ್ಮನೇ, ಮೊಮ್ಮಕ್ಕಳೇ, ನಿಮ್ಮ ಚಿಕ್ಕಜ್ಜ. ಅವನು ಅಂಗಿ ತೋಳು ಮಡಿಚಿ ನಿಮ್ಮ ಜೊತೆ ಕೇರಂ ಆಡುವಾಗ ನೀವು ಆ ತೋಳನ್ನು ನೋಡಿದ್ದೀರಿ. ಅಲ್ಲೊಂದು ಕಲೆಯೂ ಇಲ್ಲ. ಅದಕ್ಕೇ ಈ ಕಥೆಯನ್ನು ನೀವು ಪೂರ್ತಿ ನಂಬುವುದಿಲ್ಲ. ನಂಬದಿದ್ದರೂ ಚಿಂತೆಯಿಲ್ಲ, ಸುಟ್ಟ ಗಾಯಕ್ಕೆ ಮೊದಲು ನಲ್ಲಿಯ ತಣ್ಣೀರು ಹಿಡಿದು ಆಸ್ಪತ್ರೆಗೆ ಓಡುವುದನ್ನು ನೆನಪಿಡಿ. ಈಗ ಎತ್ತು ಹುಡುಕುತ್ತ ಕಾಯಬೇಕಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಜೇನು ಪ್ಲಾಸ್ಟಿಕ್ ಬಾಟಲಿಯಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ದೋಸೆಗೆ ಸುರಿದುಕೊಂಡು ಅರ್ಧವನ್ನು ತಟ್ಟೆಯಲ್ಲೇ ಬಿಡುತ್ತೀರಿ. ಮುಗಿದರೆ ಅಮ್ಮ ಮೊಬೈಲಿನಲ್ಲಿ ಒತ್ತುತ್ತಾಳೆ, ಸಂಜೆಯೊಳಗೆ ಬಾಗಿಲ ಬಳಿ ಇನ್ನೊಂದು ಬಂದು ಕೂತಿರುತ್ತದೆ. ತಂದವನು ಆಗಲೇ ಗಾಡಿ ತಿರುಗಿಸಿಕೊಂಡು ಹೋಗಿರುತ್ತಾನೆ. ಅವನ ಮುಖ ನೀವು ನೋಡಿರುವುದಿಲ್ಲ. ನಮ್ಮ ಕಾಲದಲ್ಲಿ ಒಂದು ಬಟ್ಟಲು ಜೇನಿಗೆ ಒಬ್ಬರ ಮುಖ ನೋಡಲೇಬೇಕಿತ್ತು. ಮರುವರ್ಷ ಬೇವಿನ ಪೊಟರೆಯಲ್ಲಿ ಮತ್ತೆ ಜೇನು ಕಟ್ಟಿತ್ತು. ಕಾರ್ತಿಕಕ್ಕೆ ಮೊದಲು ಅಪ್ಪ ಬಟ್ಟಲು ಹಿಡಿದು ಅತ್ತೆಯ ಜಗಲಿಯ ಮುಂದೆ ಹೋಗಿ ನಿಂತರು. ಕೋಳಿಗಳು ಅವರ ಕಾಲ ಸುತ್ತ ಕೆದರಾಡುತ್ತಿದ್ದವು. ಅಪ್ಪ ಬಟ್ಟಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದರು. ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಅದನ್ನು ಕೆಳಗಿಟ್ಟು, ಅಪ್ಪನೇ ಬಾಯಿಬಿಟ್ಟು ಕೇಳಲಿ ಎಂದು ಕಾದು ಕೂತರು.