ಅಕ್ಕನ ಹನ್ನೆರಡು ತಿಂಗಳು, ಗಾಜಪ್ಪನ ಒಂದು ಮೇಕೆ

ಕನ್ನಡಕದ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತಂತೆ. ಅದು ಅವನ ಮದುವೆಯ ಕಾಗದದಲ್ಲಿ ಒಮ್ಮೆ ಮುಖ ತೋರಿಸಿ ಆಮೇಲೆ ಪತ್ತೆಯೇ ಇಲ್ಲ. ಬೀದಿಗೆಲ್ಲ ಅವನು ಗಾಜಪ್ಪ. ನಲವತ್ತು ವರ್ಷ ಗಾಜು ಉಜ್ಜಿದವನನ್ನು ಇನ್ನೇನೆಂದು ಕರೆಯುವುದು? ಒಮ್ಮೆ ಯಾರಿಗೋ ಎಷ್ಟು ದಪ್ಪ ಗಾಜು ಹಾಕಿಕೊಟ್ಟನೆಂದರೆ, ಅವರು ಬಿಸಿಲಿಗೆ ಬಂದು ಕತ್ತು ತಿರುಗಿಸಿದ ಕಡೆಯೆಲ್ಲ ಹೊಗೆ ಏಳುತ್ತಿತ್ತು; ಚಳಿಗಾಲದಲ್ಲಿ ನೆರೆಮನೆಯವರು ಬೆಂಕಿಪೆಟ್ಟಿಗೆ ಕೊಳ್ಳುವುದನ್ನು ಬಿಟ್ಟು ಅವರನ್ನೇ ಕರೆದು ಒಲೆ ಹೊತ್ತಿಸಿಕೊಳ್ಳುತ್ತಿದ್ದರು. ಇದನ್ನು ಹೇಳಿದವನೂ ಗಾಜಪ್ಪನೇ. ಅವನ ಮಾತಿನಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಮತ್ತರ್ಧ ಕಳೆದು, ಆಮೇಲೂ ನಂಬುವ ಮುಂಚೆ ಅವನ ಅಕ್ಕನನ್ನು ಒಂದು ಮಾತು ಕೇಳಬೇಕು ಎಂಬುದು ಬೀದಿಯ ಕಾನೂನು.

ಅಕ್ಕ ಅವನಿಗಿಂತ ಏಳು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನ ಮೂಗು ಒರೆಸಿದವಳು, ಅಕ್ಷರ ತಿದ್ದಿಸಿದವಳು, ತಪ್ಪಿದರೆ ಕಿವಿ ಹಿಂಡಿದವಳು ಎಲ್ಲ ಅವಳೇ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಎರಡು ಸಾವಿರ ನಂಬರುಗಳನ್ನು ಬಾಯಿಪಾಠ ಮಾಡಿದ್ದಳು. ಒಮ್ಮೆ ಕಿವಿಗೆ ಬಿದ್ದದ್ದು, ಒಮ್ಮೆ ಕಣ್ಣಿಗೆ ಬಿದ್ದದ್ದು ಅವಳ ತಲೆಯಿಂದ ಅಳಿಸುವುದು ದೇವರಿಗೂ ಕಷ್ಟ. ಹೊರದೇಶದ ಕರೆಗಳೆಲ್ಲ ಅವಳ ಕೈಯಿಂದಲೇ ಹೋಗಬೇಕಿತ್ತು. ಮೂವತ್ತು ದೇಶಗಳ 'ಹಲೋ' ಕೇಳಿದವಳು ಒಂದು ದೇಶವನ್ನೂ ಕಂಡವಳಲ್ಲ. ಅದರಲ್ಲೊಂದು ದೇಶದ ಆಪರೇಟರಮ್ಮನ ಹಿಂದುಗಡೆ ಯಾವಾಗ ನೋಡಿದರೂ ಒಂದು ಕೋಳಿ ಕೂಗುತ್ತಿತ್ತಂತೆ. ನಿವೃತ್ತಿಯಾದ ಮರುದಿನ ಅಕ್ಕ ತಮ್ಮನ ಅಂಗಡಿಗೆ ಬಂದು, "ಕೇಳಿದ್ದು ಸಾಕು. ಆಫೀಸಿನೊಳಗೆ ಕೋಳಿ ಸಾಕೋ ದೇಶ ಯಾವುದು, ಅಲ್ಲಿ ಜನ ಹೇಗೆ ಬದುಕ್ತಾರೆ ಅಂತ ಇನ್ನು ಓದಿ ತಿಳ್ಕೋಬೇಕು" ಎಂದಳು.

ಭಾನುವಾರ ಮಧ್ಯಾಹ್ನದ ಓದುವ ಕೂಟ ಹುಟ್ಟಿದ್ದು ಹಾಗೆ. ಅಕ್ಕ, ತಮ್ಮ, ಎದುರಿನ ಬೇಕರಿಯವನು, ಆಸ್ಪತ್ರೆಯ ನರ್ಸಮ್ಮ, ಬಸ್ಸಿನಿಂದ ನಿವೃತ್ತನಾದ ಕಂಡಕ್ಟರು, ಹೀಗೆ ಐದು ಜನ. ವರ್ಷದ ಕೊನೆಯ ಭಾನುವಾರ ಅಕ್ಕ ಬರುವ ವರ್ಷದ ವಿಷಯಗಳನ್ನು ಪ್ರಕಟಿಸುತ್ತಿದ್ದಳು, ತಿಂಗಳಿಗೊಂದರಂತೆ ಹನ್ನೆರಡು. ಆ ವಿಷಯದ ಮೇಲೆ ಯಾವ ದೇಶದ ಪುಸ್ತಕ ಸಿಕ್ಕರೂ ಲೈಬ್ರರಿಯಿಂದ ಹೊತ್ತು ತರಬಹುದು. ಒಂದು ಸಲ 'ಕಳ್ಳರು' ಎಂದು ತಿಂಗಳಿಟ್ಟಾಗ ಕಂಡಕ್ಟರು ನಾಲ್ಕು ದೇಶದ ಕಳ್ಳರನ್ನು ಓದಿ ಮುಗಿಸಿ, ಐದನೆಯವನನ್ನು ಬೇಕರಿಯ ತಕ್ಕಡಿಯಲ್ಲಿ ಹುಡುಕಲು ಹೋಗಿ ಜಗಳವಾಗಿತ್ತು. 'ಅತ್ತೆಯಂದಿರು' ತಿಂಗಳು ಮುಗಿದಾಗ ನರ್ಸಮ್ಮ ಪುಸ್ತಕ ಮುಚ್ಚಿ ನಿಟ್ಟುಸಿರು ಬಿಟ್ಟು, "ಏಳು ಸಮುದ್ರ ದಾಟಿದ್ರೂ ಅತ್ತೆ ಅತ್ತೆನೇ" ಎಂದಿದ್ದಳು.

ವಿಷಯ ಪ್ರಕಟವಾಗುವ ದಿನ ಗಾಜಪ್ಪನ ಕಡೆಯಿಂದ ಎಲ್ಲರಿಗೂ ಪುಕ್ಕಟೆ ಕಣ್ಣು ಪರೀಕ್ಷೆ. "ಗಾಡಿ ಹೊರಡೋ ಮುಂಚೆ ಚಕ್ರ ನೋಡ್ಬೇಕು" ಎಂದು ಕಂಡಕ್ಟರು ಹಾಕಿಕೊಟ್ಟ ರೂಢಿ ಅದು. ಅಂಗಡಿಯ ಹಿಂದೆ ಓಣಿಯಂಥ ಒಂದು ಕೋಣೆ. ಈ ತುದಿಗೆ ಕುರ್ಚಿ, ಆ ತುದಿಯ ಗೋಡೆಗೆ ಅಕ್ಷರದ ಚಾರ್ಟು, ಬಾಗಿಲಿಗೆ ಪರದೆ. ಒಬ್ಬೊಬ್ಬರೇ ಒಳಗೆ ಹೋಗಿ ಬರಬೇಕು.

ಆ ವರ್ಷ ಕೊನೆಗೆ ಅಕ್ಕ ಹೋಗಿ ಕೂತಳು. ಕೈಚೀಲ ಮಡಿಲಲ್ಲಿಟ್ಟುಕೊಂಡು, ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆ ಸಾಲಿನವರೆಗೆ ಒಂದೇ ಉಸಿರಿಗೆ ಓದಿ ಮುಗಿಸಿದಳು. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ.

"ಹೇಗೆ? ಎಪ್ಪತ್ತೊಂದು ವರ್ಷದ ಕಣ್ಣು!" ಎಂದು ಗದ್ದ ಎತ್ತಿದಳು.

ಗಾಜಪ್ಪ ಗೋಡೆಯ ಕಡೆ ತಿರುಗಿ ನೋಡಿದ. ಅಕ್ಕ ಓದಿದ್ದೇನೋ ಸರಿ. ಆದರೆ ಅದು ಹಳೆಯ ಚಾರ್ಟು. ಹದಿನೈದು ವರ್ಷ ಅದೇ ಗೋಡೆಯಲ್ಲಿದ್ದ ಅದಕ್ಕೆ ಗೆದ್ದಲು ಹಿಡಿದಿತ್ತೆಂದು ಅವನು ಹಿಂದಿನ ದಿನವಷ್ಟೇ ಕಿತ್ತು, ಹೊಸದನ್ನು ಅಂಟಿಸಿದ್ದ. ಗೋಡೆಯ ಮೇಲಿದ್ದ ಒಂದಕ್ಷರವನ್ನೂ ಅಕ್ಕ ಹೇಳಿರಲಿಲ್ಲ.

ನಲವತ್ತು ವರ್ಷ ಊರಿನ ಕಣ್ಣೆಲ್ಲ ನೋಡಿದವನಿಗೆ ಒಡಹುಟ್ಟಿದವಳ ಕಣ್ಣು ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಕೂಟದಲ್ಲಿ ಆರು ತಿಂಗಳಿಂದ ಅಕ್ಕ ಪುಸ್ತಕ ಬಿಚ್ಚಿದ್ದೇ ಅವನಿಗೆ ನೆನಪಾಗಲಿಲ್ಲ. "ಮೊದಲು ನೀವು ಹೇಳಿ, ಆಮೇಲೆ ನಾನು" ಅನ್ನುತ್ತಿದ್ದಳು; ಬೇರೆಯವರು ಹೇಳಿದ್ದನ್ನೇ ಹಿಡಿದು ಚುರುಕಾಗಿ ನಾಲ್ಕು ಪ್ರಶ್ನೆ ಎಸೆಯುತ್ತಿದ್ದಳು. ದೊಡ್ಡವಳು, ದೊಡ್ಡ ಮನಸ್ಸು ಎಂದು ಎಲ್ಲರೂ ತಿಳಿದಿದ್ದರು.

"ಮೂಗಿನ ಮೇಲೆ ಕನ್ನಡಕ ಸರಿಯಾಗಿ ಕೂತಿಲ್ಲ ತಾಳು" ಎಂದು ನೆಪ ಹೂಡಿ, ಅದನ್ನು ತೆಗೆದು, ಸಣ್ಣ ಟಾರ್ಚು ಹಿಡಿದು ನೋಡಿದ. ಎರಡೂ ಕಣ್ಣಿನ ಕಪ್ಪಿನ ನಡುವೆ ನೀರು ಬೆರೆಸಿದ ಹಾಲಿನಂಥ ಬಿಳುಪು. ಪೊರೆ. ಡಾಕ್ಟರ ಹತ್ತಿರ ಹೋದರೆ ಅರ್ಧ ಗಂಟೆಯಲ್ಲಿ ತೆಗೆಯುವಂಥದ್ದು. ಅವನಿಗೆ ಅರ್ಧ ಜೀವ ಬಂತು. ಇನ್ನರ್ಧ ಬರಲಿಲ್ಲ, ಯಾಕೆಂದರೆ ಅದನ್ನು ಅಕ್ಕನಿಗೆ ಹೇಳಬೇಕಿತ್ತಲ್ಲ! ಐದು ವರ್ಷದ ಹಿಂದೆ 'ಕನ್ನಡಕದ ನಂಬರು ಬದಲಾಯಿಸು' ಎಂದದ್ದಕ್ಕೆ ಮೂರು ತಿಂಗಳು ಅಂಗಡಿ ಮುಂದೆಯೇ ಹಾದುಹೋದರೂ ಕತ್ತು ತಿರುಗಿಸದವಳು ಅವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲನ್ನು ಅವಳೇ ಎಣಿಸಬೇಕೇ ಹೊರತು ಬೇರೆಯವರು ತೋರಿಸುವಂತಿಲ್ಲ.

"ಸರಿಯಾಗಿದೆ ಅಕ್ಕ" ಎಂದ ಗಾಜಪ್ಪ. ಅವನು ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಅದೇ ಅತಿ ಚಿಕ್ಕದು, ಅದೇ ಅತಿ ಭಾರದ್ದು.

ಹೊರಗೆ ಬಂದು ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಎಲ್ಲರೂ ಪೆನ್ನು ಹಿಡಿದರು.

"ಬರ್ಕೊಳ್ಳೋದೇನೂ ಇಲ್ಲ. ಮುಂದಿನ ವರ್ಷ ಹೊಸದು ಬೇಡ. ನಾವು ಓದಿರೋ ಪುಸ್ತಕಗಳಲ್ಲೇ ಹನ್ನೆರಡು ಆರಿಸಿ ಮತ್ತೆ ಓದೋಣ. ಹಳೇ ಸ್ನೇಹಿತರನ್ನ ಮಾತಾಡಿಸಿದ ಹಾಗೆ."

ಬೇಕರಿಯವನು ಪೆನ್ನು ಕೆಳಗಿಟ್ಟ. "ಅಲ್ಲಕ್ಕಾ, ನಿನ್ನೆ ಬನ್ನು ಇವತ್ತು ಮಾರಿದ್ರೆ ನನಗೆ ಬೈಯೋರು ನೀವೇ. ಈಗ ನೀವೇ ಹತ್ತು ವರ್ಷದ ಬನ್ನು ತಿನ್ನಿ ಅಂತೀರಲ್ಲ!"

"ಪುಸ್ತಕ ನಿನ್ನ ಬನ್ನಿನ ಹಾಗೆ ಮಾರನೇ ದಿನಕ್ಕೆ ಕಲ್ಲಾಗಲ್ಲ, ಸುಮ್ನಿರು."

"ಆದ್ರೂ ಇನ್ನೂ ನೋಡದೇ ಇರೋ ದೇಶ ಎಷ್ಟಿದೆ" ಎಂದು ಕಂಡಕ್ಟರು ಗೊಣಗಿದ. "ಒಂದೇ ಸ್ಟಾಪಲ್ಲಿ ವರ್ಷಪೂರ್ತಿ ಬಸ್ಸು ನಿಲ್ಸೋಕಾಗುತ್ತಾ?"

ಅಕ್ಕ ಕೈಚೀಲದ ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಗಾಜಪ್ಪನಿಗೆ ಎಲ್ಲ ಅರ್ಥವಾಯಿತು. ಓದಿದ ಪುಸ್ತಕವಾದರೆ ಅವಳಿಗೆ ಬಾಯಿಪಾಠ. ಇನ್ನೊಂದು ವರ್ಷ ಯಾರಿಗೂ ತಿಳಿಯದಂತೆ ಕೂಟದಲ್ಲಿ ಕೂರಬಹುದು. ಆದರೆ ಹೀಗೇ ಬಿಟ್ಟರೆ ಅಕ್ಕನ ಪಾಲಿಗೆ ಹೊಸ ಪುಸ್ತಕ ಎನ್ನುವುದು ಮುಗಿಯಿತು. ಕೋಳಿ ಕೂಗುವ ದೇಶ ಶಾಶ್ವತವಾಗಿ ಫೋನಿನ ಆಚೆಯೇ ಉಳಿಯಿತು.

"ಅಕ್ಕನ ಮಾತೇ ಆಗ್ಲಿ" ಎಂದ. "ಆದ್ರೆ ಮೊದಲನೇ ತಿಂಗಳು ನನಗೆ ಬಿಡಿ. ವಿಷಯ, ದ್ವೀಪ. ಪುಸ್ತಕ ನಾನು ತರ್ತೀನಿ, ನಾನೇ ಗಟ್ಟಿಯಾಗಿ ಓದ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಉಳಿದ ಹನ್ನೊಂದು ತಿಂಗಳೂ ಹಳೇ ಬನ್ನೇ."

"ನೀನು? ಓದ್ತೀಯಾ?" ಎಂದಳು ಅಕ್ಕ. "ನೀನು ಗ್ಯಾಸ್ ಬಿಲ್ ಓದೋವಾಗ್ಲೇ ಎರಡು ಸಲ ನಿದ್ದೆ ಮಾಡ್ತೀಯ." ಆದರೂ ಒಪ್ಪಿದಳು. ಕೇಳುವುದಾದರೆ ಅವಳಿಗೇನೂ ತೊಂದರೆಯಿರಲಿಲ್ಲ.

ಗಾಜಪ್ಪ ಲೈಬ್ರರಿಯಲ್ಲಿ ದ್ವೀಪವಿರುವ ಅತಿ ದಪ್ಪ ಪುಸ್ತಕವನ್ನು ಆರಿಸಿದ. ಎಲ್ಲೋ ಹಿಮದ ಕಡೆಯ ಒಬ್ಬ ದೋಣಿಯವನ ಕಥೆ. ಭಾನುವಾರ ಓದಲು ಶುರು ಮಾಡಿದರೆ ಒಂದನೇ ಪುಟದಲ್ಲಿ ಮೋಡ, ಎರಡನೇ ಪುಟದಲ್ಲಿ ಮೋಡ, ಮೂರನೇ ಪುಟದಲ್ಲಿ ದೋಣಿಯವನು ಮೋಡ ನೋಡುತ್ತಾ ಕೂತಿದ್ದಾನೆ. ಅಕ್ಕ ಆಕಳಿಸಿದಳು. ಗಾಜಪ್ಪ ಮುಂದಿನ ಪುಟಗಳನ್ನು ಇಣುಕಿ ನೋಡಿದ. ಹನ್ನೊಂದನೇ ಪುಟದವರೆಗೂ ಮೋಡ ಚದುರುವ ಲಕ್ಷಣ ಕಾಣಲಿಲ್ಲ. ಹೀಗಾದರೆ ಕೆಲಸ ಕೆಟ್ಟಿತು ಎಂದುಕೊಂಡು, ಗಂಟಲು ಸರಿಮಾಡಿ, ಕಣ್ಣು ಪುಸ್ತಕದಲ್ಲೇ ನೆಟ್ಟು ಒಂದು ಮೇಕೆಯನ್ನು ದೋಣಿಗೆ ಹತ್ತಿಸಿಬಿಟ್ಟ.

ಮೇಕೆ ಹತ್ತಿದ್ದೇ ತಡ, ಕಥೆಗೆ ಕಾಲು ಬಂತು. ಅದು ಮೊದಲು ದೋಣಿಯವನ ಟೋಪಿ ತಿಂದಿತು. ಆಮೇಲೆ ನಕ್ಷೆ ತಿಂದಿತು; ನಕ್ಷೆಯಲ್ಲಿದ್ದ ದ್ವೀಪವೂ ಹೊಟ್ಟೆಗೆ ಹೋದದ್ದರಿಂದ ಯಾವ ಕಡೆ ಹೋಗಬೇಕೆಂದು ತಿಳಿಯದೆ, ದೋಣಿಯವನು ಮೇಕೆಯ ಹೊಟ್ಟೆಗೆ ಕಿವಿಗೊಟ್ಟು ಅಲೆಯ ಸದ್ದು ಕೇಳಿ ದಾರಿ ಹುಡುಕುತ್ತಿದ್ದ. ಎರಡನೇ ಭಾನುವಾರದ ಹೊತ್ತಿಗೆ ಅಕ್ಕ ಕುರ್ಚಿಯ ತುದಿಗೆ ಬಂದಿದ್ದಳು. ಗಾಜಪ್ಪನ ಪಕ್ಕದಲ್ಲಿದ್ದ ಬೇಕರಿಯವನು ಒಮ್ಮೆ ಪುಟಕ್ಕೆ ಬಗ್ಗಿ ನೋಡಿದ. ಅಲ್ಲಿ ಮೋಡವಿತ್ತು. ಗಾಜಪ್ಪನ ಮುಖ ನೋಡಿದ. ಒಂದು ಬನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ.

ಮೂರನೇ ಭಾನುವಾರ ಮಂಜು ಕವಿದು, ದೋಣಿ ಬಂಡೆಗೆ ತಾಗಿ, ದೋಣಿಯವನು ನೀರಿಗೆ ಬಿದ್ದ. ದೋಣಿಯಲ್ಲಿ ಉಳಿದದ್ದು ಮೇಕೆಯೊಂದೇ. ಹಗ್ಗದ ಒಂದು ತುದಿ ದೋಣಿಯವನ ಕೈಯಲ್ಲಿ, ಇನ್ನೊಂದು ತುದಿ ಮೇಕೆಯ ಬಾಯಲ್ಲಿ. ಮೇಕೆ ಅವನನ್ನು ನೋಡಿತು, ಹಗ್ಗವನ್ನು ನೋಡಿತು.

ಗಾಜಪ್ಪ ಪುಸ್ತಕ ಮುಚ್ಚಿದ. "ನನ್ನ ಗಂಟಲು ಹೋಯ್ತು. ಮುಂದಿಂದು ಅಕ್ಕನೇ ಓದಿ, ಬರೋ ವಾರ ನಮಗೆ ಹೇಳ್ಲಿ." ಪುಸ್ತಕವನ್ನು ಅವಳ ಕೈಯಲ್ಲಿಟ್ಟ.

ಸೋಮವಾರ ಅಕ್ಕ ನರ್ಸಮ್ಮನನ್ನು ಮನೆಗೆ ಕರೆದು ಟೀ ಕೊಟ್ಟು, "ನಿನ್ನ ಓದು ಕೇಳೋಕೆ ಬಲು ಚೆನ್ನ ಕಣಮ್ಮ, ಎರಡು ಪುಟ ಓದು" ಎಂದಳಂತೆ. ಗಾಜಪ್ಪ ನರ್ಸಮ್ಮನಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದ; ಅವಳು ಟೀ ಕುಡಿದು, ತಲೆನೋವೆಂದು ಎದ್ದು ಬಂದಳು. ಮಂಗಳವಾರ ಕಂಡಕ್ಟರ ಸರದಿ. ಅವನು ಕನ್ನಡಕವೇ ತಂದಿರಲಿಲ್ಲ. ಅದನ್ನು ಗಾಜಪ್ಪ ರಿಪೇರಿಯ ಹೆಸರಲ್ಲಿ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದ. ಬುಧವಾರ ಹನ್ನೊಂದು ಗಂಟೆಗೆ ಅಕ್ಕ ಅಂಗಡಿಗೆ ಬಂದು ಪುಸ್ತಕವನ್ನು ಕೌಂಟರಿನ ಮೇಲೆ ಕುಕ್ಕಿದಳು.

"ಏನೋ, ಆ ಮೇಕೆ ಹಗ್ಗ ಎಳೀತಾ, ತಿಂತಾ?"

"ಪುಸ್ತಕ ನಿನ್ನ ಕೈಲೇ ಇದೆಯಲ್ಲ ಅಕ್ಕ."

"ಹೇಳೋ ಅಂದ್ರೆ!"

"ಓದ್ಕೋ."

ಅಕ್ಕ ಬಾಗಿಲ ಕಡೆ ತಿರುಗಿದಳು. ಹೋಗಿಬಿಡುತ್ತಾಳೆ, ಇನ್ನು ಮೂರು ತಿಂಗಳು ಮುಖ ತೋರಿಸುವುದಿಲ್ಲ ಎಂದು ಗಾಜಪ್ಪನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೇ ನಿಂತುಹೋಯಿತು. ಅವಳು ಹೋಗಲಿಲ್ಲ. ಬೀದಿಯ ಕಡೆ ಮುಖ ಮಾಡಿಯೇ, "ಕಾಣಿಸಲ್ಲ ಕಣೋ" ಎಂದಳು.

"ಗೊತ್ತು."

"ಯಾವಾಗಿಂದ?"

"ಚಾರ್ಟ್ ಬದಲಾಯ್ಸಿದ್ದೆ."

ಅಕ್ಕ, "ಹೇಳದೆ ಬದಲಾಯಿಸ್ತಾರೇನೋ, ಕತ್ತೆ!" ಎಂದಳು. ದನಿ ಮಾತ್ರ ಬೈಗುಳದ ದನಿಯಾಗಿರಲಿಲ್ಲ. "ಡಾಕ್ಟರ ಕತ್ತರಿಗೆ ಹೆದರಿದ್ದಲ್ಲ. ನೀನು ಟಾರ್ಚ್ ಹಾಕಿ ನೋಡಿ, ಇದು ಆಗಲ್ಲ ಅಕ್ಕ ಅಂದ್ಬಿಟ್ರೆ? ನೋಡ್ದೇ ಇರೋವರೆಗೂ ಸರಿಹೋಗಬಹುದು ಅಂತ ಒಂದು ಆಸೆ ಇರುತ್ತೆ. ನೀನು ಹೇಳಿದ ಮೇಲೆ ಅದೂ ಇರಲ್ಲ."

"ನೋಡಿಯಾಯ್ತು. ಬರೀ ಪೊರೆ. ನನ್ನ ಕಿವಿ ಹಿಂಡೋಕೆ ನಿನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿನ ಕೆಲಸ."

ಅಕ್ಕ ತಿರುಗಿ ಬಂದು, ಅಷ್ಟು ಹೊತ್ತು ನಿಜಕ್ಕೂ ಎಷ್ಟು ಎಂದು ಅವನ ಕಿವಿ ಹಿಂಡಿ ನೋಡಿದಳು. ಮಾರನೇ ವಾರ ನರ್ಸಮ್ಮನೇ ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ದಳು. ಮೊದಲು ಬಲಗಣ್ಣು, ಅದು ಮಾಗಿದ ಮೇಲೆ ಎಡಗಣ್ಣು.

ಇನ್ನೀಗ ಗಾಜಪ್ಪನಿಗೆ ಹೊಸ ಭಯ ಹಿಡಿಯಿತು. ಅಕ್ಕನಿಗೆ ಕಣ್ಣು ಬರಲಿ ಎಂದು ಬೇಡಿಕೊಂಡವನೂ ಅವನೇ, ಬಂದರೆ ಗತಿಯೇನು ಎಂದು ಬೆವೆತವನೂ ಅವನೇ. ಹೊಸ ಕನ್ನಡಕವನ್ನು ಮೂರು ಸಲ ಉಜ್ಜಿ ತಾನೇ ಕೊಟ್ಟು ಬಂದ. ಲೈಬ್ರರಿಗೆ ಪುಸ್ತಕ ವಾಪಸು ಕೊಡಬೇಕು ಎಂದು ಕೇಳಿದರೆ ಅಕ್ಕ, "ಅವಧಿ ಮುಂದಕ್ಕೆ ಹಾಕ್ಸಿದೀನಿ" ಎಂದಳು.

ಮೂರನೇ ತಿಂಗಳ ಕೊನೆಯ ಭಾನುವಾರ ಕೂಟ ಸೇರಿತು. ಅಕ್ಕ ಪುಸ್ತಕವನ್ನು ಕೌಂಟರಿನ ಮೇಲಿಟ್ಟು ಹೇಳಿದಳು:

"ಮುನ್ನೂರ ಹನ್ನೆರಡು ಪುಟ. ಒಂದಕ್ಷರ ಬಿಡದೆ ಓದಿದೆ. ಮೋಡ ಇದೆ, ಮಳೆ ಇದೆ, ಕೊನೇಲಿ ಸ್ವಲ್ಪ ಬಿಸಿಲೂ ಇದೆ. ಮೇಕೆ ಎಲ್ಲೋ?"

ಗಾಜಪ್ಪ ಇಂಗು ತಿಂದ ಮಂಗನಂತೆ ನಿಂತ. ಬೇಕರಿಯವನು ಬಾಯಿಗೆ ಬನ್ನು ಹುಡುಕಿದ, ಆವತ್ತು ತಂದಿರಲಿಲ್ಲ.

"ಅದು... ಬೇರೆ ಮುದ್ರಣದಲ್ಲಿ ಇರಬಹುದು" ಎಂದ ಗಾಜಪ್ಪ.

"ನಡಿ ಒಳಗೆ" ಎಂದಳು ಅಕ್ಕ. ಬೈಯುವುದಕ್ಕಿರಬೇಕು ಎಂದು ಹಿಂದೆಯೇ ಹೋದ. ಅವಳು ಸೀದಾ ಕುರ್ಚಿಯಲ್ಲಿ ಕೂತು, ಕೈಚೀಲ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡಿದಳು. ಓದತೊಡಗಿದಳು, ನಿಧಾನವಾಗಿ. ಕೊನೆಯ ಸಾಲಿನಲ್ಲಿ ತಡವರಿಸಿದಳು, ಕಣ್ಣು ಕಿರಿದು ಮಾಡಿದಳು, ಎರಡಕ್ಷರ ತಪ್ಪು ಹೇಳಿದಳು. ಆ ಎರಡು ತಪ್ಪಿಗೆ ಗಾಜಪ್ಪನ ಕಣ್ಣು ತುಂಬಿಬಂತು. ನಲವತ್ತು ವರ್ಷದಲ್ಲಿ ಆ ಕುರ್ಚಿಯ ಮೇಲೆ ಯಾರೂ ಅಷ್ಟು ಚೆನ್ನಾಗಿ ಓದಿರಲಿಲ್ಲ.

ಹೊರಗೆ ಬಂದು ಅಕ್ಕ ಕೈಚೀಲದಿಂದ ಒಂದು ಹಾಳೆ ತೆಗೆದಳು. "ಹಳೇ ಬನ್ನು ರದ್ದು. ಉಳಿದ ಒಂಬತ್ತು ತಿಂಗಳಿಗೆ ಹೊಸ ಪಟ್ಟಿ. ಮೊದಲನೇದು, ಮೇಕೆ."

"ಮೇಕೆನಾ?" ಎಂದ ಕಂಡಕ್ಟರು.

"ಹೂಂ. ಇವನ ಮೇಕೆ ನಡುನೀರಲ್ಲಿ ನಿಂತಿದೆ. ಎಳೀತೋ ತಿಂತೋ ಗೊತ್ತಾಗದೆ ನನಗೆ ಎರಡು ತಿಂಗಳಿಂದ ನಿದ್ದೆ ಇಲ್ಲ. ಇವನನ್ನ ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಾನೆ. ಪ್ರಪಂಚದಲ್ಲಿ ಇಷ್ಟು ದೇಶ ಇದೆ, ಇಷ್ಟು ಜನ ಬರೀತಾರೆ. ಎಲ್ಲಾದ್ರೂ ಒಬ್ಬರು ಇಂಥ ಮೇಕೆ ಬಗ್ಗೆ ಬರ್ದಿರ್ತಾರೆ, ಹುಡುಕಿ. ಅದಾದ ಮೇಲೆ ಕೋಳಿ."

ಹಾಳೆ ಕೈಯಿಂದ ಕೈಗೆ ದಾಟಿ ಗಾಜಪ್ಪನ ಹತ್ತಿರ ಬಂತು. ಒಂಬತ್ತು ತಿಂಗಳ ವಿಷಯವನ್ನೂ ಅಕ್ಕ ಒಂದು ಬೆಂಕಿಪೆಟ್ಟಿಗೆಯ ಅಗಲದ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಉಳಿದ ಹಾಳೆಯೆಲ್ಲ ಖಾಲಿ. ಗಾಜಪ್ಪ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ಕಿಟಕಿಯ ಬೆಳಕಿಗೆ ಒಯ್ದ.

"ಇಷ್ಟು ಸಣ್ಣಕ್ಕೆ ಬರೆದ್ರೆ ಯಾರು ಓದ್ತಾರೆ ಅಕ್ಕ?"

"ನಾನು ಓದ್ತೀನಿ" ಎಂದಳು ಅಕ್ಕ. ಮತ್ತೆ ಎದ್ದು, ಕೌಂಟರಿನ ಮೇಲಿದ್ದ ಟಾರ್ಚು ಕೈಗೆತ್ತಿಕೊಂಡು ಪರದೆ ಸರಿಸಿದಳು. "ನೀನು ಬಾ, ಆ ಕುರ್ಚಿ ಮೇಲೆ ಕೂತ್ಕೋ. ನಿನ್ನ ಕಣ್ಣು ಯಾರಾದ್ರೂ ನೋಡಿ ಎಷ್ಟು ವರ್ಷ ಆಯ್ತೋ?"